ಮಕ್ಕಳ ಹೆಸರಿನ ಬಟ್ಟಲು

ಫ್ರಿಜ್ಜಿನ ಬಾಗಿಲಲ್ಲಿ, ಉಪ್ಪುನೀರಿನ ಚೀಸಿಗೂ
ಅತ್ತೆ ಕಳಿಸಿದ ಹುಳಿಪ್ಲಮ್ಮಿನ ಗೊಜ್ಜಿಗೂ ನಡುವೆ
ಒಂದು ಸೂಜಿಮದ್ದು ಉಳಿದಿದೆ.
ಹೋದ ಸಲದ್ದು. ನೋಡಲು ಪೆನ್ನಿನ ಹಾಗೆ.
ಎಸೆಯಲು ಕೈ ಬಂದಿಲ್ಲ,
ಒಂದು ತಿಂಗಳ ರೊಟ್ಟಿಯ ದುಡ್ಡು ಅದರೊಳಗಿದೆ.

ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸುತ್ತೇನೆ.
ಕುತೈಸಿಯ ಈ ಓಣಿಯಲ್ಲಿ ಮೊದಲ ಬೆಂಕಿ ನನ್ನದು.
ಬಾವಿಯಂಥ ಮಣ್ಣೊಲೆಗೆ ಸೊಂಟದ ತನಕ ಬಗ್ಗಿ
ನಾದಿದ ಹಿಟ್ಟನ್ನು ಒಳಗೋಡೆಗೆ ಬಡಿಯುತ್ತೇನೆ.
ಕೆಲವು ಹಿಡಿಯುತ್ತವೆ. ಕೆಲವು ಜಾರಿ
ಬೂದಿಗೆ ಬೀಳುತ್ತವೆ. ಯಾರೂ ಅದಕ್ಕಾಗಿ
ಒಲೆಯನ್ನು ಬೈಯುವುದಿಲ್ಲ.

ತ್ಬಿಲಿಸಿಯ ಡಾಕ್ಟರೂ ಅದನ್ನೇ ಅಂದಳು, ಎರಡೂ ಸಲ:
ಅಂಟಲಿಲ್ಲ.
ಬರುವಾಗ ರೈಲಿನಲ್ಲಿ ಸೂರ್ಯಕಾಂತಿ ಬೀಜ ಸುಲಿಯುತ್ತ ಕೂತೆವು,
ಇಬ್ಬರ ಮಧ್ಯೆ ಸಿಪ್ಪೆಯ ಗುಡ್ಡೆ.

ಮೊದಲ ವರದಿ ಮಲ್ಖಾಜನ ಹೆಸರಲ್ಲಿತ್ತು.
ನಾಲ್ಕು ಮಡಿಕೆ ಮಾಡಿ ತನ್ನ ವ್ಯಾನಿನಲ್ಲಿ
ಸಂತ ಜಾರ್ಜನ ಚಿತ್ರದ ಹಿಂದೆ ಸಿಕ್ಕಿಸಿಕೊಂಡ.
ಎರಡು ವರ್ಷ ಸಂತನೂ ವರದಿಯೂ
ಜೆಸ್ತಾಪೋನಿಗೆ ದಿನಾ ಆರು ಸಲ ಹೋಗಿ ಬಂದರು.
ಇತ್ತ ನಾನು
ಬೆಟ್ಟದ ಮರಕ್ಕೆ ಚಿಂದಿ ಕಟ್ಟಿದೆ,
ತುರಿಚೆಸೊಪ್ಪಿನ ಕಷಾಯ ಕುಡಿದೆ,
ರೊಟ್ಟಿಯ ಸಾಲಿನಲ್ಲಿ ಯಾರೋ ‘ಗೊಡ್ಡು’ ಅಂದಾಗ
ಚಿಲ್ಲರೆ ಎಣಿಸಿ ಕೊಟ್ಟೆ.
ಸುಮ್ಮನಿರುವುದೂ ಒಂದು ಸೂಜಿಯೇ.
ದಿನಾ ಅದೇ ಹೊತ್ತಿಗೆ, ಹೊಟ್ಟೆಯ ಅದೇ ಜಾಗಕ್ಕೆ.

ನಾದಿನಿಯ ಮಗುವಿಗೆ ನಾಮಕರಣವಾದ ಸಂಜೆ
ಮೇಜಿನ ಹಿರಿಯ ವಾಲಿಕೋ ಬಟ್ಟಲ ಮೇಲೆ ಬಟ್ಟಲು ಎತ್ತಿಸಿದ.
ದೇವರಿಗೆ. ಶಾಂತಿಗೆ. ಮಣ್ಣಲ್ಲಿರುವವರಿಗೆ.
ಆಮೇಲೆ ಮಕ್ಕಳ ಹೆಸರಿನದು.
ಇಡೀ ಮೇಜು ನನ್ನ ಮೇಲಿಂದ ಕಣ್ಣು ತೆಗೆಯಿತು,
ನೋಡುವುದಕ್ಕಿಂತ ಅದೇ ಜೋರಾಗಿ ತಾಕುತ್ತದೆ.
ಆಗ ಮಲ್ಖಾಜ್ ಎದ್ದ.
‘ಕುಡಿಯುವ ಮುಂಚೆ ಒಂದು ಮಾತು.
ಕೊರತೆ ಇವಳದಲ್ಲ, ನನ್ನದು.
ಎಣಿಸಿ ನೋಡಿದ್ದಾರೆ. ಸಾಲದು.’

ಮೇಜಿನಡಿಯಿಂದ ಒಂದು ಹುಡುಗ ಕೇಳಿದ:
‘ಏನು ಸಾಲದು?’

ಯಾರೂ ನಗಲಿಲ್ಲ. ಅತ್ತೆ ಎದ್ದು ಬಂದು
ನನ್ನ ತಟ್ಟೆಗೆ ಆಕ್ರೋಟು ತುಂಬಿದ ಬದನೆ ಬಡಿಸಿದಳು.
ಕ್ಷಮೆಯೋ, ಬರೀ ಬದನೆಯೋ, ತಿಳಿಯಲಿಲ್ಲ. ತಿಂದೆ.
ನನಗೆ ಅಳು ಬರಲಿಲ್ಲ, ಸಿಟ್ಟು ಬಂತು:
ಎರಡು ವರ್ಷದ ಸಾಲವನ್ನು ಒಂದೇ ಗುಟುಕಿಗೆ ತೀರಿಸಿ
ಎಷ್ಟು ಹಗುರಾಗಿ ಕೂತುಬಿಟ್ಟ!

ರಾತ್ರಿ ವ್ಯಾನಿನಲ್ಲಿ, ಸೇತುವೆ ದಾಟುವಾಗ, ಅಂದ:
‘ಬೇರೊಬ್ಬನ ಬೀಜವಾದರೂ ನನಗೆ ಸರಿ.
ಇಲ್ಲ, ಇನ್ನೊಂದು ಸಲ ನಮ್ಮದೇ ನೋಡೋಣ.
ನಿನಗೆ ಬೇಕಾದರೆ.’
‘ನನಗೆ ಬೇಕಾದರೆ ಅನ್ನಬೇಡ. ಬೇಕಾ ಅಂತ ಕೇಳು.’
ಕೆಳಗೆ ರಿಯೋನಿ ನದಿ ಕಲ್ಲು ಉರುಳಿಸುತ್ತಿತ್ತು.
‘ಬೇಕಾ?’
ಬೇಕು. ಮಗು ಬೇಕು.
ಈ ಮೈಯೂ ಬೇಕು, ಯಾವ ಗಡಿಯಾರವೂ ಚುಚ್ಚದ ಮೈ,
ಬೆಂಕಿಗೆ ಬಗ್ಗಿದಾಗ ಬೆಂಕಿಯೊಂದನ್ನೇ ನೆನೆಯುವ ಮೈ.
ಎರಡೂ ಒಟ್ಟಿಗೆ ಬರುವಂತಿದ್ದರೆ ಕೇಳಬೇಕಾಗಿರಲಿಲ್ಲ.
‘ಈ ಚಳಿಗಾಲ ಬೇಡ,’ ಅಂದೆ.
ಅವನು ಮುಂದಿನ ಚಳಿಗಾಲವನ್ನು ಕೇಳಲಿಲ್ಲ.
ಅಷ್ಟರ ಮಟ್ಟಿಗೆ ಅವನನ್ನು ಮತ್ತೆ ಇಷ್ಟಪಟ್ಟೆ.

ಸೋಮವಾರ ಕ್ಲಿನಿಕ್ಕಿನ ಹುಡುಗಿ ಫೋನು ಮಾಡಿದಳು.
‘ನಿಲ್ಲಿಸಿದ್ದೀರೋ, ಮುಂದೂಡಿದ್ದೀರೋ?
ಫಾರಮ್ಮಿನಲ್ಲಿ ಎರಡೇ ಚೌಕ ಇವೆ.’
ಕೈತುಂಬ ಹಿಟ್ಟು. ಫೋನನ್ನು ಭುಜಕ್ಕೂ ಕಿವಿಗೂ ಒತ್ತಿಕೊಂಡು
‘ಮೂರನೆಯದೊಂದು ಬರೆದುಕೊಳ್ಳಮ್ಮ’ ಅಂದೆ.
ಅವಳು ಸ್ವಲ್ಪ ಹೊತ್ತು ಉಸಿರಾಡಿದಳು. ‘ಆಯ್ತು’ ಅಂದಳು.
ಬರೆದಳೋ ಇಲ್ಲವೋ.

ಗೊಜ್ಜು ಮುಗಿದಿದೆ. ಸೂಜಿ ಅಲ್ಲೇ ಇದೆ.
ಬಾಗಿಲಲ್ಲಿ ಆಗಲೇ ಏಳೆಂಟು ಜನ,
ಬಿಸಿಯದೇ ಬೇಕಂತೆ ಎಲ್ಲರಿಗೂ.